ಭಾವ ಮಾಲೆ ಹಾಕದ ವರ್ಷ

ಡೊಂಬಿವಲಿಯ ಅಕ್ಕನ ಮನೆಯಲ್ಲಿ ವರ್ಷಕ್ಕೊಮ್ಮೆ ಸಿಗರೇಟಿನ ವಾಸನೆ ಹೋಗಿ ಧೂಪದ ವಾಸನೆ ಬರುತ್ತಿತ್ತು. ಭಾವ ಅಯ್ಯಪ್ಪನ ಮಾಲೆ ಹಾಕುವ ಕಾಲವದು. ರಬಾಳೆಯ ಕಂಪನಿಯೊಂದರ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ ಅವರು ಉಳಿದ ದಿನಗಳಲ್ಲಿ ಒಂದು ಸಿಗರೇಟಿನ ಕೆಂಡದಿಂದ ಇನ್ನೊಂದನ್ನು ಹಚ್ಚುವ ಮನುಷ್ಯ. ಮಾಲೆ ಕೊರಳಿಗೆ ಬಿದ್ದರೆ ಮಾತ್ರ ಕಪ್ಪು ಪಂಚೆ, ಬರಿಗಾಲು, ಮುಟ್ಟಿದ್ದಕ್ಕೆಲ್ಲ ಶರಣು. ಪದ್ಧತಿಯಂತೆ ಅಕ್ಕನೂ ಗಂಡನನ್ನು ಸ್ವಾಮಿ ಎನ್ನಬೇಕು. "ಸ್ವಾಮಿ, ಕೊತ್ತಂಬರಿ ಮರೆತು ಬಂದಿರಲ್ಲ, ಇದಕ್ಕೂ ನಾನೇ ವ್ರತ ಹಿಡಿಯಬೇಕಾ?" ಎಂದು ಕೆಣಕುತ್ತಿದ್ದಳು.

ಅವಳ ಆಸೆ ಬೇರೆಯದೇ ಇತ್ತು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮೇಲೂ ಭಾವ ಸಿಗರೇಟು ಮುಟ್ಟದೆ ಒಂದಷ್ಟು ದಿನ ತಡೆದುಕೊಳ್ಳುತ್ತಿದ್ದರು. ಒಂದು ವರ್ಷ ರಥಸಪ್ತಮಿಯವರೆಗೆ, ಮುಂದಿನ ವರ್ಷ ಶಿವರಾತ್ರಿಯವರೆಗೆ, ಮತ್ತೊಮ್ಮೆ ಯುಗಾದಿಯೂ ದಾಟಿತು. "ಹೀಗೇ ಎಳೆದರೆ ಒಂದು ವರ್ಷ ಮುಂದಿನ ಮಾಲೆಗೇ ಹೋಗಿ ಮುಟ್ಟುತ್ತದೆ, ನೋಡ್ತಾ ಇರು" ಎನ್ನುತ್ತಿದ್ದಳು ನನ್ನ ಹತ್ತಿರ. ಎದೆಯ ಎಕ್ಸ್‌ರೇ ನೋಡಿದ ಡಾಕ್ಟರೂ ಅದಕ್ಕೇ ಕಾದಿದ್ದರು.

೨೦೧೮ರಲ್ಲಿ ಕ್ಯಾಂಟೀನಿಗೆ ಬರುವ ಇಂಜಿನಿಯರೊಬ್ಬ ಭಾವನಿಗೆ ಒಂದು ವೇಪ್ ಕೊಟ್ಟ. ಪೆನ್ನಿನಂಥದು, ಬೆಂಕಿಯಿಲ್ಲ, ಬೂದಿಯಿಲ್ಲ, ಎಳೆದರೆ ಹೊಗೆಯ ಬದಲು ಏಲಕ್ಕಿಯ ಪರಿಮಳದ, ನಿಕೋಟಿನ್ ಬೆರೆತ ಆವಿ. ಮಾಲೆ ಹಾಕುವ ದಿನ ಹತ್ತಿರವಾದಂತೆ ಭಾವನಿಗೆ ಪ್ರಶ್ನೆ ಎದ್ದಿತು: ವ್ರತದಲ್ಲಿ ಇದು ನಡೆಯುತ್ತದೆಯೇ? ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಟಿವಿಯಿಂದ ಕಣ್ಣು ತೆಗೆಯದೆ, "ಪಪ್ಪಾ, ಯೆ ಭೀ ತೊ ಸಿಗರೇಟ್ ಹೀ ಹೈ ನಾ?" ಎಂದಳು. ಇದೂ ಸಿಗರೇಟೇ ಎಂಬ ಅವಳ ಮಾತು ಯಾರಿಗೆ ಬೇಕು? ಗುರುಸ್ವಾಮಿಗಳನ್ನು ಕೇಳೋಣ ಎಂದು ಹೊರಟರು. ನಾನೂ ಜೊತೆಗೆ ಹೋದೆ.

ನಮ್ಮ ಅಯ್ಯಪ್ಪ ಮಂಡಳಿಯವರಿಗೆ ಮಾಲೆ ಹಾಕಿಸುವ ಗುರುಸ್ವಾಮಿ ಉಡುಪಿಯ ಕಡೆಯವರು, ಸಾಧು ಮನುಷ್ಯ. ಥಾಣೆಯಲ್ಲಿ ಔಷಧದ ಅಂಗಡಿಗಳನ್ನು ತಪಾಸಣೆ ಮಾಡುವ ಸರ್ಕಾರಿ ನೌಕರಿ. ಕೆಲವು ದಿನಗಳ ಹಿಂದಷ್ಟೇ ಅವರು ಉಲ್ಹಾಸನಗರದ ಅಂಗಡಿಯೊಂದರಿಂದ ಇಂಥವೇ ವೇಪ್‌ಗಳನ್ನು ಹಿಡಿದು ತಂದಿದ್ದರು. ಅಂಗಡಿಯವನ ವಕೀಲ ಬಂದು, ಇದೇನು ಔಷಧವೇ, ಯಾವ ಕಾನೂನಿನಲ್ಲಿ ಹಿಡಿದಿರಿ ಎಂದು ಕೇಳಿದ. ಇವನ್ನು ಮಾರಬಾರದೆಂದು ದಿಲ್ಲಿಯಿಂದ ಬಂದಿದ್ದ ಸುತ್ತೋಲೆ ತೋರಿಸಿದರೆ, ಇದು ಸಲಹೆ, ಆಜ್ಞೆಯಲ್ಲ ಎಂದ. ಮೇಲಿನವರು ಮಾಲು ವಾಪಸು ಕೊಡಲು ಹೇಳಿದರು. ಆ ಅವಮಾನ ಇನ್ನೂ ಹಸಿಯಾಗಿತ್ತು.

ಮಂಡಳಿಯ ಪೂಜೆಯ ಪೆಂಡಾಲಿನಲ್ಲಿ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದವರು ಭಾವನ ಪ್ರಶ್ನೆ ಕೇಳಿ ಕೈಯಲ್ಲಿದ್ದ ಬತ್ತಿಯನ್ನು ತಟ್ಟೆಗೆ ಹಾಕಿದರು.

"ಬೀಡಿ ಅಲ್ಲ, ಸಿಗರೇಟೂ ಅಲ್ಲ. ನಮ್ಮ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ ಮಾರಾಯ್ರೆ. ಬೇಡ ಅನ್ನುವ ಅಧಿಕಾರ ನನಗೆ ಉಂಟಾ ಅಂತಲೇ ಗೊತ್ತಿಲ್ಲ."

"ಹಾಗಾದರೆ ಅಡ್ಡಿಯಿಲ್ಲ ಅಂತಲಾ?"

"ಹಾಗಂತ ನಾನು ಹೇಳಲಿಲ್ಲ. ನಿಮ್ಮ ಮನಸ್ಸಿಗೆ ಬಿಟ್ಟದ್ದು."

ಭಾವನ ಮನಸ್ಸಿಗೆ ಅಷ್ಟೇ ಸಾಕಿತ್ತು. ಆ ವರ್ಷ ಕಪ್ಪು ಪಂಚೆಯ ಮಡಿಕೆಯಲ್ಲಿ ವೇಪ್ ಇಟ್ಟುಕೊಂಡೇ ಬೆಟ್ಟ ಹತ್ತಿ ಬಂದರು. ವ್ರತದಲ್ಲಿ ಚಟ ಬಿಟ್ಟಿದ್ದರಲ್ಲವೇ ಆಮೇಲೆ ತಡೆದುಕೊಳ್ಳುವುದು? ರಥಸಪ್ತಮಿ, ಶಿವರಾತ್ರಿ ಯಾವ ಲೆಕ್ಕಕ್ಕೂ ಬರದೆ ಕಳೆದವು. ಅಕ್ಕ ಕಿಟಕಿ ತೆರೆದಿಡುತ್ತಿದ್ದಳು.

೨೦೧೯ರ ಗಣಪತಿ ಹಬ್ಬ ಮುಗಿದ ಮೇಲೆ ಸರ್ಕಾರ ವೇಪ್ ಮಾರುವುದನ್ನೇ ನಿಷೇಧಿಸಿತು. ಇಂಜಿನಿಯರಿಗೂ ಅದಕ್ಕೆ ಹಾಕುವ ರಸ ಸಿಗದಾಯಿತು. ಭಾವ ಸಿಗರೇಟಿಗೆ ಮರಳಿದರು, ಮೊದಲಿಗಿಂತ ಜಾಸ್ತಿಯೇ.

ಮಾಲೆಯ ಕಾಲಕ್ಕೆ ಗುರುಸ್ವಾಮಿ ತಾವಾಗಿಯೇ ಮನೆಗೆ ಬಂದರು. "ಈಗ ಕಾನೂನೇ ಬಂತಲ್ಲ. ಈ ಸಲ ನಾನು ಖಡಾಖಂಡಿತ ಬೇಡ ಅಂತೇನೆ" ಎಂದರು.

"ಕಾನೂನು ಸಿಗರೇಟಿಗೆ ಬರಲಿಲ್ಲವಲ್ಲ. ಕೆಳಗಿನ ಬೀಡಾ ಟಪರಿಯಲ್ಲೇ ಸಿಗ್ತದೆ" ಎಂದು ಭಾವ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, "ಹೋದ ಸಲ ನೀವು ಬೇಡ ಅಂದಿದ್ದರೆ ಖಂಡಿತ ಬಿಡ್ತಿದ್ದೆ. ಈಗ ಒಂದು ದಿನವೂ ಆಗುವುದಿಲ್ಲ. ಸುಳ್ಳು ಮಾಲೆ ಹಾಕುವುದಿಲ್ಲ" ಎಂದರು.

ಅಕ್ಕ ತಂದಿಟ್ಟ ಕಷಾಯ ಹಾಗೇ ಉಳಿಯಿತು. ಮೆಟ್ಟಿಲು ಇಳಿಯುವಾಗ ಗುರುಸ್ವಾಮಿ ನನ್ನ ಭುಜ ಹಿಡಿದು ನಿಂತರು. "ಕಚೇರಿಯಲ್ಲಿ ವಕೀಲ ಇದ್ದ, ಕೇಳಿದ. ಪೆಂಡಾಲಿನಲ್ಲಿ ಯಾವ ಕಾನೂನು ಅಂತ ನನ್ನನ್ನು ಯಾರು ಕೇಳ್ತಿದ್ದರು? ಬೇಡ ಸ್ವಾಮಿ ಅಂದರೆ ಮುಗೀತಿತ್ತು."

ಮಂಡಳಿಯವರು ಕಲ್ಯಾಣದಲ್ಲಿ ರೈಲು ಹತ್ತಿದ ದಿನ ಭಾವ ಪ್ಯಾಂಟು ಶರ್ಟಿನಲ್ಲಿ ಬೀಳ್ಕೊಡಲು ಬಂದಿದ್ದರು. ಯಾರೋ ಅಭ್ಯಾಸಬಲದಿಂದ, "ಸ್ವಾಮಿ, ಆ ಗಂಟು ಸ್ವಲ್ಪ ಎತ್ತಿ ಕೊಡಿ" ಎಂದರು. ಭಾವ ಇರುಮುಡಿಗೆ ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿ, ಮಾಲೆ ಹಾಕಿದ್ದ ನನ್ನ ಕಡೆ ತಿರುಗಿದರು.

"ನೀನು ಕೊಡು. ನಾನು ಮುಟ್ಟಿದರೆ ಸರಿಯಾಗುವುದಿಲ್ಲ."