ಕಳಸ ಕಂಡರೂ ದರ್ಶನವೇ

ಪಂಢರಿನಾಥನ ಪಾದಕ್ಕೆ ಮೊದಲ ಶರಣು.

ಪುಣೆಯ ಸುದ್ದಿ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸಂದರ್ಶನವಿತ್ತು. ಇದ್ದ ಕೆಲಸ ಹೋಗಿದ್ದ ನನಗೆ ಅದೊಂದೇ ಆಸರೆ. ಪ್ರಶ್ನೆ ಕೇಳಿದವರು ನಮ್ಮ ವಿಜಯಪುರ ಕಡೆಯ ಮೇಡಂ.

"ಚುನಾವಣೆ ಫಲಿತಾಂಶದ ದಿನ ಎಲ್ಲಾರೂ ಒಮ್ಮೆಲೆ ನಮ್ಮ ಆ್ಯಪ್ ತೆಗೀತಾರ. ಸರ್ವರ್ ಬೀಳಬಾರದು. ಏನ್ ಮಾಡ್ತೀರಿ?"

ಓದಿದ್ದೆಲ್ಲ ಮರೆತೇಹೋಯಿತು. ವಿಠಲನನ್ನು ನೆನೆದೆ.

"ಆಷಾಢ ಏಕಾದಶಿಗೆ ಪಂಢರಪುರದಾಗ ಎಲ್ಲಾರಿಗೂ ಪಾದ ಮುಟ್ಟಾಕ ಸಿಗೂದಿಲ್ರಿ. ಭಾಳ ಮಂದಿ ಹೊರಗಿಂದನ ಕಳಸಕ್ಕ ಕೈ ಮುಗೀತಾರ. ಹಂಗ ಫಲಿತಾಂಶದ ಪ್ರತಿಗಳನ್ನ ಹೊರಗಿನ ಸರ್ವರ್‌ಗಳಾಗ ಇಡೂಣ್ರಿ. ಮಂದಿ ಅಲ್ಲೇ ನೋಡ್ಕೊಂಡು ಹೋಗ್ತಾರ."

ಮೇಡಂ ನಕ್ಕು, "ಸೋಮವಾರ ಕೆಲಸಕ್ಕ ಬರ್ರಿ" ಎಂದು ಕೈ ಚಾಚಿದರು. ನಾನು ಬಾಗಿ ಪಾದ ಮುಟ್ಟಿಬಿಟ್ಟೆ.

"ಅಯ್ಯ, ನಿಮಗಿಂತ ಸಣ್ಣಾಕಿ ಅದೀನ್ರಿ!"

ಪಂಢರಪುರಕ್ಕೆ ವಾರಿ, ಅಂದರೆ ಪಾದಯಾತ್ರೆ, ಹೋಗುವ ನಾವು ಕಿರಿಯರ ಪಾದವನ್ನೂ ಮುಟ್ಟುತ್ತೇವೆ. ಆಫೀಸಿನವರಿಗೆ ಇನ್ನೂ ರೂಢಿಯಾಗಬೇಕು.

ಕಿವಿಗೊಟ್ಟ ನಿಮಗೆಲ್ಲ ಆ ತಂದೆ ಒಳ್ಳೆಯ ಕೆಲಸ, ನೆಮ್ಮದಿಯ ನಿದ್ದೆ ಕೊಡಲಿ.