ಡಿಸ್ಕಿಗೆ ಹಚ್ಚಿದ ಎಣ್ಣೆ

ಕ್ವಾರಿಗಳನ್ನು ಅಳೆಯುವ ಕೆಲಸದಿಂದ ನಿವೃತ್ತರಾದ ಒಬ್ಬರಿಂದ ನಾನು ಆ ಬೈಕನ್ನು ಕೊಂಡೆ. ಕಲ್ಲು, ಕೆಸರು, ದಾರಿಯಿಲ್ಲದ ಗುಡ್ಡ ಹತ್ತಲೆಂದೇ ಮಾಡಿದ ಎತ್ತರದ ಬೈಕು. ಅವರ ಶೆಡ್ಡಿನಲ್ಲಿ ನಾಲ್ಕು ವರ್ಷ ನಿಂತಿತ್ತು. ಟ್ಯಾಂಕಿನೊಳಗೆ ತುಕ್ಕು ಹಿಡಿದಿತ್ತು, ಹ್ಯಾಂಡಲ್ ಸ್ವಲ್ಪ ಸೊಟ್ಟಗಿತ್ತು. ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ ಎರಡು ಫೋರ್ಕುಗಳಲ್ಲಿ ಎಡಗಡೆಯದು ಎಣ್ಣೆ ಸೋರುತ್ತಿತ್ತು.

ಹೈದರಾಬಾದಿನ ತಾರ್ನಾಕದ ನಮ್ಮ ಬಾಡಿಗೆ ಮನೆಯ ಮುಂದೆ ಅದನ್ನು ಇಳಿಸಿದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸೊಂಟಕ್ಕ ಪಟ್ಟಿ ಕಟ್ಕೊಂಡು ಓಡ್ಯಾಡೋ ಮನಷ್ಯಾರು ನೀವು. ಇದನ್ನ ಹತ್ತಾಕ ಏಣಿ ತರ್ತೀರೇನು?" ಎಂದಳು. ನನಗೆ ನಲವತ್ತೆಂಟು ತುಂಬಿತ್ತು.

ರಿಪೇರಿಗೆ ಉಪ್ಪಲ್‌ನ ಒಬ್ಬ ಮಿಸ್ತ್ರಿಯ ಬಳಿ ಹೋದೆ. ಯಾದಗಿರಿ ಕಡೆಯವರು, ಅರವತ್ತು ದಾಟಿದವರು. ಮೊದಲು ಕಟ್ಟಡದ ಕೂಲಿಗೆಂದು ಈ ಊರಿಗೆ ಬಂದು, ಆಮೇಲೆ ಸ್ಪ್ಯಾನರ್ ಹಿಡಿದವರು. ಅಂಗಡಿಯಲ್ಲಿ ಹಿಂದಿ, ತೆಲುಗು. ನನ್ನ ಬಾಯಿಂದ ಕನ್ನಡ ಕೇಳಿದ ಮೇಲೆ ನನಗೆ ಒಂದು ಸ್ಟೂಲು ಕಾಯಂ ಆಯಿತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಬಿಚ್ಚಿದ ಪ್ರತಿ ಭಾಗವನ್ನೂ ಅವರು ಹಳೆಯ ಪೇಪರಿನ ಮೇಲೆ, ಬಿಚ್ಚಿದ ಕ್ರಮದಲ್ಲೇ, ಎಡದಿಂದ ಬಲಕ್ಕೆ ಜೋಡಿಸುತ್ತಿದ್ದರು. ಗಾಡಿಯ ಮಾಲೀಕ ಎದುರಿಗೆ ಕೂರಲೇಬೇಕು. "ನೀವು ನೋಡ್ರಿ ಸರ. ನಾಳೆ ಏನರ ಆದ್ರ ಯಾರ ತಪ್ಪು ಅಂತ ಇಬ್ಬರಿಗೂ ಗೊತ್ತಿರಬೇಕು" ಎನ್ನುತ್ತಿದ್ದರು.

ಐದು ಭಾನುವಾರ ಕುಳಿತು ನೋಡಿದೆ. ಟ್ಯಾಂಕು ತೊಳೆದರು, ಚೈನು ಬದಲಿಸಿದರು, ಮುಂದಿನ ಡಿಸ್ಕ್ ಬ್ರೇಕಿಗೆ ಹೊಸ ಪ್ಯಾಡ್ ಹಾಕಿದರು. ಕೊನೆಗೆ ಎಡಗಡೆಯ ಫೋರ್ಕಿಗೆ ಎಣ್ಣೆ ತಡೆಯುವ ಹೊಸ ಸೀಲು ಕೂರಿಸಿ, ಬಟ್ಟೆಯಿಂದ ಒರೆಸಿ, ಅಂಗೈಯಿಂದ ಸವರಿ, ಎಣ್ಣೆ ಹತ್ತದೆ ಒಣಗಿದ್ದ ಅಂಗೈಯನ್ನು ನನಗೆ ತೋರಿಸಿದರು.

ಮುಂದಿನ ವಾರ ಖಂಡೇ ಪೂಜೆ, ಅಂದರೆ ದಸರೆಯ ಆಯುಧಪೂಜೆ, ಇತ್ತು. ನನ್ನ ಅಪ್ಪ ಶಹಾಬಾದ ಕಡೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಪೂಜೆಯ ಹಿಂದಿನ ದಿನ ಉಳಿ, ಸುತ್ತಿಗೆ, ಸಬ್ಬಲುಗಳನ್ನೆಲ್ಲ ತೊಳೆದು ಶೇಂಗಾ ಎಣ್ಣೆಯ ಅರಿವೆಯಿಂದ ಒರೆಸುವುದು ನಮ್ಮ ಮನೆಯ ಪದ್ಧತಿ. ದೇವರ ಮುಂದಿಡುವ ಕಬ್ಬಿಣ ಒಣಗಿರಬಾರದು. ಹೈದರಾಬಾದಿಗೆ ಬಂದ ಮೇಲೆ ಈಳಿಗೆಮಣೆ ಮತ್ತು ಒಂದು ಸುತ್ತಿಗೆಯ ಹೊರತು ಒರೆಸಲು ನನ್ನ ಬಳಿ ಕಬ್ಬಿಣವೇ ಇರಲಿಲ್ಲ. ಆ ವರ್ಷ, ರಿಪೇರಿ ಮುಗಿದು ಮನೆಗೆ ಬಂದ ಬೈಕಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ಎಣ್ಣೆಯಲ್ಲಿ ಅರಿವೆ ಅದ್ದಿಕೊಂಡು ಕೆಳಗೆ ಹೋದೆ. ಹ್ಯಾಂಡಲ್, ಫೋರ್ಕು, ಚಕ್ರದ ಕಡ್ಡಿಗಳು. ಆಮೇಲೆ ಡಿಸ್ಕು. ಬ್ರೇಕಿನ ಪ್ಯಾಡುಗಳು ಕಚ್ಚಿ ಹಿಡಿಯುವ ತಟ್ಟೆ ಅದು ಎಂಬುದನ್ನು ಐದು ವಾರ ಕಣ್ಣಾರೆ ನೋಡಿದ್ದೆ. ಆದರೂ ಎರಡೂ ಕಡೆ, ತೂತುಗಳ ಅಂಚಿನವರೆಗೆ, ಮಿಂಚುವಂತೆ ಒರೆಸಿದೆ. ನನ್ನ ಕೈಗೆ ಅದು ಡಿಸ್ಕಾಗಿರಲಿಲ್ಲ, ಕಬ್ಬಿಣವಾಗಿತ್ತು.

ಮರುದಿನ ಬೆಳಿಗ್ಗೆ ಕಾಕಾರನ್ನು ಪೂಜೆಗೆ ಕರೆದಿದ್ದೆ. ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಮೊದಲ ಸುತ್ತು ನೀವೇ ಹೊಡೆಯಬೇಕು ಎಂದೆ. ಅದು ಅವರಿಗೆ ನಾನು ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

"ಮಾಲೀಕರನ್ನ ಬಿಟ್ಟು ನಾನ್ಯಾಕ್ರಿ?"

"ನೀವು ಜೀವ ಕೊಟ್ಟ ಗಾಡಿ ಕಾಕಾ. ಹತ್ರಿ."

ನಮ್ಮ ಗಲ್ಲಿ ದೊಡ್ಡ ರಸ್ತೆಯ ಕಡೆಗೆ ಇಳಿಜಾರಾಗಿದೆ. ಅವರು ಜೋರಾಗಿ ಹೋಗಲಿಲ್ಲ. ತಿರುವಿನಲ್ಲಿ ನೀರಿನ ಕ್ಯಾನುಗಳ ಆಟೋ ಅಡ್ಡ ಬಂತು. ಬ್ರೇಕಿನ ಮೇಲೆ ಅವರ ಬಲಗೈ ಮುಚ್ಚಿದ್ದು ನನಗೆ ಕಂಡಿತು. ಮುಂದಿನ ಚಕ್ರ ನಿಲ್ಲದೆ ತಿರುಗುತ್ತಲೇ ಇತ್ತು. ಆಗ ಅವರು ಕಾಲಿನ ಬ್ರೇಕನ್ನು ಒತ್ತಿದರು. ಹಿಂದಿನ ಚಕ್ರ ಜಾರಿ ಬೈಕು ಅಡ್ಡ ತಿರುಗಿತು, ಅವರು ಕಾಂಪೌಂಡ್ ಗೋಡೆಗೆ ಬಡಿದರು. ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಆಸ್ಪತ್ರೆಗೆ ಹೊರಡುವ ಮೊದಲು ಅವರು ಬಿದ್ದ ಬೈಕಿನ ಪಕ್ಕದಲ್ಲೇ ಕುಳಿತು ಎಡಗೈ ಬೆರಳಿನಿಂದ ಡಿಸ್ಕನ್ನು ಮುಟ್ಟಿದರು. ಎರಡು ಬೆರಳುಗಳ ನಡುವೆ ಉಜ್ಜಿ ನೋಡಿದರು. ಮೂಗಿಗೆ ಹಿಡಿಯಲಿಲ್ಲ.

"ಎಣ್ಣಿ" ಎಂದರು. "ಫೋರ್ಕಿಂದ ಇಳದೈತಿ. ಸೀಲ್ ನಾನ ಕೂರ್ಸಿದ್ದು ಸರ. ನಂದ ತಪ್ಪು. ನೀವು ಹತ್ತಿದ್ರ ಏನಾಕ್ಕಿತ್ತು!"

ಆಗ ನಾನು ಹೇಳಬಹುದಿತ್ತು. ನನ್ನ ಉಗುರಿನ ಸಂದಿಯಲ್ಲಿ ಹಿಂದಿನ ದಿನದ ಶೇಂಗಾ ಎಣ್ಣೆಯ ಜಿಡ್ಡು ಇನ್ನೂ ಇತ್ತು. ನಾನು ಹೇಳಿದ್ದು "ಇರಲಿ ಬಿಡ್ರಿ ಕಾಕಾ, ಆಗೋದು ಆಗೇತಿ" ಎಂದು. ಕ್ಷಮಿಸುವವನ ಮಾತು ಅದು. ಈಗಲೂ ಆ ವಾಕ್ಯ ನೆನಪಾದರೆ ನನ್ನ ಕಿವಿ ಬಿಸಿಯಾಗುತ್ತದೆ.

ನಂತರದ ದಿನಗಳಲ್ಲಿ ಆಫೀಸಿಗೆ ಹೋಗುವ ಮುಂಚೆ ಅವರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಒಯ್ದು ಕೊಡುತ್ತಿದ್ದೆ. ಬೈಕನ್ನು ಅವರು ಅಂಗಡಿಗೆ ತರಿಸಿಕೊಂಡಿದ್ದರು. ಅಕ್ಕಪಕ್ಕದವರಿಗೆ ನನ್ನನ್ನು ತೋರಿಸಿ, ಇಂಥ ಗಿರಾಕಿ ಎಲ್ಲಿ ಸಿಗುತ್ತಾರೆ, ತಾನು ಕೆಡಿಸಿಟ್ಟರೂ ಒಂದು ಮಾತು ಆಡಲಿಲ್ಲ ಎಂದು ಹೇಳುತ್ತಿದ್ದರು. ಬ್ರೇಕು, ಫೋರ್ಕಿನ ಕೆಲಸ ತಂದವರನ್ನು ಪಕ್ಕದ ಅಂಗಡಿಗೆ ಕಳಿಸತೊಡಗಿದರು. ನಾಳೆ ಪ್ಲಾಸ್ಟರ್ ಬಿಚ್ಚಿದರೂ ಇನ್ನು ಬರೀ ಪಂಕ್ಚರ್ ಹಾಕುತ್ತೇನೆ ಎಂದರು. "ಕೈ ಮುರದದ್ದಕ್ಕ ಅಲ್ರಿ. ಕೈ ಸುಳ್ಳು ಹೇಳಾಕತ್ತೈತಿ. ಒಣಗೈತಿ ಅಂತ ಇದ ಕೈ ಹೇಳಿತ್ತಲ್ಲ?"

ಆ ಸಂಜೆ ಮನೆಗೆ ಬಂದು, ಎಣ್ಣೆ ಹಚ್ಚಿದ್ದು ನಾನೇ ಎಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾ ಕಟ್ಟಿಕೊಟ್ಟ ಬುತ್ತಿ ಹಿಡ್ಕೊಂಡು ದಿನಾ ಅವರ ಮುಂದ ಕುಂತ ಬಂದ್ರೇನು ನೀವು?" ಎಂದಳು. ಮರುದಿನ ಡಬ್ಬಿ ಕಟ್ಟಲಿಲ್ಲ.

ಖಾಲಿ ಕೈಯಲ್ಲಿ ಹೋದೆ. ಅಂಗಡಿಯಲ್ಲಿ ಹಾಲಿನ ವ್ಯಾಪಾರಿಯೊಬ್ಬ ತನ್ನ ಬೈಕಿನ ಫೋರ್ಕು ಸೋರುತ್ತಿದೆ, ನೀವೇ ಮಾಡಿಕೊಡಿ ಎಂದು ಹಿಂದಿಯಲ್ಲಿ ಗೋಗರೆಯುತ್ತಿದ್ದ. ಕಾಕಾ ತಲೆ ಅಲ್ಲಾಡಿಸುತ್ತಿದ್ದರು. ಆತನ ಎದುರಿಗೇ ಹೇಳಿದೆ.

"ಕಾಕಾ, ಸೀಲ್ ಸೋರಿಲ್ಲ. ಡಿಸ್ಕಿಗೆ ಎಣ್ಣಿ ಹಚ್ಚಿದಾವ ನಾನು. ಖಂಡೇ ಪೂಜಿಗಂತ ಒರೆಸಿದ್ದೆ."

ಅವರು ನನ್ನ ಕಡೆ ತಿರುಗಿದರು.

"ಯಾವ ಎಣ್ಣಿ?"

"ಶೇಂಗಾ ಎಣ್ಣಿ."

"ಎಡಗೈಲೆ ಮೂರು ಸಲ ಬಿಚ್ಚೀನಿ ಆ ಫೋರ್ಕ್" ಎಂದರು. "ಮೂರೂ ಸಲ ಸೀಲ್ ಒಣಾ ಇತ್ತು. ಒಣಾ ಐತಿ, ಆದ್ರೂ ಸೋರೇತಿ. ನನಗ ಬುದ್ಧಿಭ್ರಮಣಿ ಆಗೇತಿ ಅನ್ಕೊಂಡಿದ್ದೆ." ಆಮೇಲೆ, "ಬಿದ್ದ ದಿನಾನ ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದರು.

"ಗೊತ್ತಿತ್ತು."

ಅವರು ಗೋಡೆಯ ಮೊಳೆಯಿಂದ ನನ್ನ ಬೈಕಿನ ಕೀಲಿ ತೆಗೆದು, ಕೈಗೆ ಕೊಡದೆ ಸ್ಟೂಲಿನ ಮೇಲಿಟ್ಟರು. "ಕೆಲಸ ಎಲ್ಲಾ ಮುಗದೈತಿ. ತೊಗೊಂಡ ಹೋಗ್ರಿ. ಇನ್ನ ಮ್ಯಾಲ ಬ್ಯಾರೆ ಕಡೆ ತೋರಸ್ರಿ."

ನಾನು ಕ್ಷಮೆ ಕೇಳಿದೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ ಖಚಿತವಾಗಿ ಹೇಳಲಾರೆ. ಅವರು ಆಗಲೇ ಹಾಲಿನವನ ಕಡೆ ತಿರುಗಿದ್ದರು. "ಲಾವ್ ರೇ, ಗಾಡಿ ಅಂದರ್ ಲಾವ್" ಎಂದು ಅವನ ಗಾಡಿಯನ್ನು ಒಳಗೆ ತರಿಸಿ, ನೆಲದ ಮೇಲೆ ಹಳೆಯ ಪೇಪರು ಹಾಸಿ, ಪ್ಲಾಸ್ಟರಿನ ಕೈಯನ್ನು ಅದರ ಮೂಲೆಗೆ ಒತ್ತಿ ಹಿಡಿದು, ಎಡಗೈಯಿಂದ ಸ್ಪ್ಯಾನರ್ ಹುಡುಕತೊಡಗಿದರು. "ಎದುರಿಗೆ ಕೂತ್ಕೋ, ನೋಡ್ತಾ ಇರು" ಎಂದು ಹಿಂದಿಯಲ್ಲಿ ಅವನಿಗೆ ಹೇಳಿದರು. ಅವನು ಕೂರಲು ಸ್ಟೂಲು ಬೇಕಾಗಿತ್ತು. ನಾನು ಕೀಲಿ ಎತ್ತಿಕೊಂಡೆ.