ಕಾಕಿ ಹತ್ತದ ಜೀಪು

ಇವತ್ತು ಬೆಳಿಗ್ಗೆ ಗ್ಯಾರೇಜಿನಲ್ಲಿ ಮಿಸ್ತ್ರಿ ನನ್ನ ಹಳೇ ಕಾರಿನ ಟೈಮಿಂಗ್ ಬೆಲ್ಟಿನ ಮುಚ್ಚಳ ತೆಗೆದು, ಬೆರಳಿನಿಂದ ಒತ್ತಿ ನೋಡಿ, "ಇನ್ನೂ ನಡೀತದ್ರಿ, ಈ ಸಲ ಬಿಡ್ಲೇನು?" ಎಂದು ಕೇಳಿದ. ಬಿಡಪ್ಪ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಯ ಹಿಂದೆಯೇ ನಮ್ಮ ಕಾಕಿ, ಚಿಕ್ಕಪ್ಪನ ಹೆಂಡತಿ, ನೆನಪಾದಳು. ಅದೂ ಬಸ್ಸಿನ ಕಿಟಕಿಯಲ್ಲಿ ಕೂತ ಕಾಕಿ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಹವಳಗಾದ ಹತ್ತಿರದ ಊರಿನಲ್ಲಿದ್ದ ನಮ್ಮ ಕಾಕಾ ಎತ್ತು ಮಾರಿ, ನಾಲ್ಕೂ ಗಾಲಿ ಎಳೆಯುವ ಹಳೇ ಡೀಸೆಲ್ ಜೀಪು ತಂದಿದ್ದ. ಅದರಲ್ಲಿ ಜನರನ್ನು ಹೇರಿಕೊಂಡು ಅಫಜಲಪುರಕ್ಕೂ ಜೇವರ್ಗಿಗೂ ಓಡಾಡಿದರೆ ಮನೆ ನಡೆಯುತ್ತಿತ್ತು. ಯಾರೋ ಅದಕ್ಕೆ ಪರದೇಶದ ಎಂಜಿನ್ ಕೂಡಿಸಿದ್ದರು. ಎಷ್ಟು ಓಡಿದೆ ಎಂದು ತೋರಿಸುವ ಮೀಟರಿನ ತಂತಿ ಎಂದೋ ಹರಿದಿತ್ತು, ಹೀಗಾಗಿ ಜೀಪಿನ ವಯಸ್ಸು ಜೀಪಿಗೇ ಗೊತ್ತಿರಲಿಲ್ಲ.

ಕಾಕಾ ಎತ್ತು ಮಾರಿದರೂ ಬಂಡಿ ಹೊಡೆಯುತ್ತಿದ್ದ ಕಾಲದ ರೂಢಿ ಬಿಟ್ಟಿರಲಿಲ್ಲ. ಅಮಾವಾಸ್ಯೆ ಬಂತೆಂದರೆ ಬಂಡಿಯ ಕೀಲಿಗೆ ಎಣ್ಣೆ ಹಾಕುತ್ತಿದ್ದವನು ಜೀಪನ್ನು ಬಿಟ್ಟಾನೆಯೇ? ಎಂಜಿನ್ನಿನ ಮುಂದೆ ಕಿರ್ ಎನ್ನುವ ಸಪ್ಪಳ ಕೇಳಿದ್ದೇ ತಡ, ಮುಚ್ಚಳ ಬಿಚ್ಚಿ, ಒಳಗಿನ ಹಲ್ಲಿನ ರಬ್ಬರ್ ಪಟ್ಟಾಕ್ಕೆ, ಅದೇ ಟೈಮಿಂಗ್ ಬೆಲ್ಟಿಗೆ, ಭಕ್ತಿಯಿಂದ ಕುಸುಬೆ ಎಣ್ಣೆ ಸವರಿದ. ಬಟ್ಟಲು ಹಿಡಿದು ನಿಂತವನು ನಾನೇ. ಸಪ್ಪಳ ನಿಂತಾಗ ಇಬ್ಬರೂ ದೊಡ್ಡ ಎಂಜಿನಿಯರುಗಳ ಹಾಗೆ ಮುಖ ನೋಡಿಕೊಂಡೆವು.

ಕಾಕಿ ಒಳಗಿನಿಂದ ಬಂದು ಬಟ್ಟಲು ನೋಡಿದಳು. ಆಕೆಯ ತವರು ಖಜೂರಿ. ಅಪ್ಪನದು ಹಿಟ್ಟಿನ ಗಿರಣಿ, ತಿರುಗುವ ಪಟ್ಟಾ ನೋಡುತ್ತಲೇ ಬೆಳೆದವಳು.

"ಕೀಲಿಗೆ ಎಣ್ಣಿ ಬೇಕ್ರಿ, ಪಟ್ಟಾಕ್ಕ ಎಣ್ಣಿ ಅಂದ್ರ ವಿಷ," ಎಂದಳು. "ಇದನ್ನ ತೆಗೆಸಿ ಹೊಸಾದು ಹಾಕಸೋತನಕ ನಾ ಈ ಗಾಡಿ ಹತ್ತಂಗಿಲ್ಲ."

ಹರಿಯದೇ ಇರುವುದನ್ನು ಯಾವ ಹುಚ್ಚ ಬದಲಿಸುತ್ತಾನೆ ಎಂದು ಕಾಕಾ ನಕ್ಕ. ಅದು ಓಡುತ್ತಿರುವಾಗ ಹರಿದರೆ ಎಂಜಿನ್ನಿನ ಒಳಗಿನ ಭಾಗಗಳು ಒಂದಕ್ಕೊಂದು ಬಡಿದು ಜೀಪೇ ಮುಗಿದ ಹಾಗೆ, ಮತ್ತೆ ಎತ್ತೂ ಇಲ್ಲ ಗಾಡಿಯೂ ಇಲ್ಲ ಎಂಬುದು ಆ ನಗುವಿನಲ್ಲಿ ಮುಚ್ಚಿಹೋಯಿತು.

ಕಾಕಿ ಜಗಳ ಮಾಡಲಿಲ್ಲ. ಬಾಗಿಲ ಮುಂದೆ ಜೀಪು ನಿಂತಿದ್ದರೂ ಅದರ ಪಕ್ಕದಿಂದಲೇ ಸೆರಗು ಸರಿಮಾಡಿಕೊಂಡು ನಡೆದುಹೋಗಿ ಬಸ್ಸು ಹತ್ತಿದಳು. ಸಂತೆಗೂ ಬಸ್ಸು, ಜೇವರ್ಗಿಯ ಬೀಗರ ಮನೆಗೂ ಬಸ್ಸು. ಕಿಟಕಿಯ ಬದಿ ಬೆನ್ನು ನೆಟ್ಟಗೆ ಮಾಡಿ ಆಕೆ ಕೂತರೆ ಸರಕಾರಿ ಬಸ್ಸಿಗೇ ಒಂದು ಗತ್ತು ಬರುತ್ತಿತ್ತು. ಊರೆಲ್ಲ ನಕ್ಕಿತು. ಆಮೇಲೆ ಊರು ಯೋಚಿಸತೊಡಗಿತು, ಅದು ಕಾಕಾನಿಗೆ ಇನ್ನೂ ಕಷ್ಟವಾಯಿತು. ಒಂದು ದಿನ ಜೀಪಿನಲ್ಲಿ ಕಾಲಿಟ್ಟ ಮುದುಕನೊಬ್ಬ ಕಾಲು ಹಿಂದೆ ತೆಗೆದು ಕೇಳಿದ: "ನಿಮ್ಮ ಮನಿಯಾಕೀನೇ ಕೂಡಂಗಿಲ್ಲಂತ, ನಾವ್ ಹೆಂಗ್ ಕೂಡಬೇಕ್ರಿ?"

ಅದೇ ವಾರ ಖಜೂರಿಯಲ್ಲಿ ಕಾಕಿಯ ತಂಗಿಯ ಲಗ್ನ. ಹಿರಿಯ ಅಳಿಯ ಖಾಲಿ ಜೀಪಿನಲ್ಲಿ, ಹಿರಿಯ ಮಗಳು ಬಸ್ಸಿನಲ್ಲಿ ಬಂದಿಳಿದರೆ ಮರ್ಯಾದೆ ಏನಾಗಬೇಕು, ನೀವೇ ಹೇಳಿ. ಕಾಕಿ ಟ್ರಂಕು ತುಂಬಿಟ್ಟು, ಖಜೂರಿಯ ದಾರಿಯ ಆಳಂದದ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದಳು. ಕೇಳಿದ್ದು ನನ್ನನ್ನು, ಕೇಳಿಸಿದ್ದು ಕಾಕಾನಿಗೆ. ಅವನು ಎದ್ದು ಜೇವರ್ಗಿಯ ಕಡೆಗೆ ಜೀಪು ಹೊರಡಿಸಿದ, ನಾನೂ ಹತ್ತಿದೆ.

ಜೇವರ್ಗಿಯ ಮಿಸ್ತ್ರಿ ಪಟ್ಟಾ ಬಿಚ್ಚಿ ಮಡಚಿ ನೋಡಿದ. ಎಣ್ಣೆ ಕುಡಿದು ಉಬ್ಬಿದ್ದ ರಬ್ಬರು. ಉಗುರು ತಾಗಿಸಿದ್ದೇ ಹಲ್ಲುಗಳು ಕಿತ್ತು ಅಂಗೈಗೆ ಬಂದವು. "ಇದು ಆಳಂದಕ್ಕೂ ಮುಟ್ಟತಿದ್ದಿಲ್ರಿ," ಎಂದ. ಕಾಕಾ ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು ಆ ಹಲ್ಲುಗಳನ್ನು ಒಂದೊಂದಾಗಿ ಎಣಿಸಿದ. ಸೊಲ್ಲಾಪುರದಿಂದ ತರಿಸಿದ್ದ ಹೊಸ ಪಟ್ಟಾ ಅಂಗಡಿಯಲ್ಲೇ ಸಿಕ್ಕಿತು. ಅದನ್ನು ಬಿಗಿಹಿಡಿಯುವ, ಕಿರ್ ಎನ್ನುತ್ತಿದ್ದ ಸಣ್ಣ ಗಾಲಿಯನ್ನೂ ಮಿಸ್ತ್ರಿ ಬದಲಿಸಿದ.

ಮರುದಿನ ಹಳೇ ಪಟ್ಟಾವನ್ನು ಕೈಯಲ್ಲಿ ತೆಗೆದುಕೊಂಡು ನೋಡಿ, ಕಾಕಿ ಜೀಪಿನ ಮುಂದಿನ ಸೀಟು ಹತ್ತಿದಳು. ಊರು ದಾಟುವವರೆಗೂ ಕಾಕಾ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ.

ಖಜೂರಿಯ ಹೊರಗೆ ಅಕಾಲದ ಮಳೆಗೆ ಕರಿ ಎರೆಮಣ್ಣು ಕಲಸಿದ ಹಿಟ್ಟಾಗಿತ್ತು. ಮದುಮಗನ ಟೆಂಪೋ ಅದರಲ್ಲಿ ಅಚ್ಚಿನವರೆಗೆ ಹೂತು ನಿಂತಿತ್ತು, ಮುಹೂರ್ತ ಹತ್ತಿರವಾಗುತ್ತಿತ್ತು. ಕಾಕಾ ಹಗ್ಗ ಕಟ್ಟಿ, ನಾಲ್ಕೂ ಗಾಲಿಗೆ ಜೋರು ಕೊಟ್ಟು ಎಳೆದ. ಎಂಜಿನ್ ಗುಡುಗಿತು, ಆದರೆ ಒಮ್ಮೆಯೂ ತಪ್ಪು ಸಪ್ಪಳ ಮಾಡಲಿಲ್ಲ. ಟೆಂಪೋ ಮದುಮಗನ ಸಮೇತ ಮೇಲೆ ಬಂತು. ನನಗೆ ಕುಣಿಯಬೇಕೆನ್ನಿಸಿತು, ಕುಣಿದೆ, ಕೆಸರಿನಲ್ಲಿ ಬಿದ್ದೆ.

ಬೀಗರೆಲ್ಲ ಕಾಕಾನ ಬೆನ್ನು ತಟ್ಟಿ ಜೀಪನ್ನು ಹೊಗಳಿದರು. ಎಂದೂ ಸೋಲೊಪ್ಪದ ಮನುಷ್ಯ ಎಲ್ಲರೆದುರು ಹೇಳಿದ: "ಗಾಡಿ ನಂದ್ರಿ. ಅದನ್ನ ಉಳಿಸಿದಾಕಿ ಈಕಿ."

ಕಾಕಿ ಸೆರಗಿನಿಂದ ನಗು ಮುಚ್ಚಿಕೊಂಡಳು. ಪೂರ್ತಿ ಮುಚ್ಚಲಿಲ್ಲ.

ಇತ್ತ ಗ್ಯಾರೇಜಿನಲ್ಲಿ ಮಿಸ್ತ್ರಿ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದ. ಹೊಸದನ್ನೇ ಹಾಕಪ್ಪ ಎಂದೆ. ಸಾಮಾನು ಬಂದು ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ, ಬೇಕಾದರೆ ಈಗ ಹಾಗೇ ಒಯ್ದು ನಾಳೆ ತರ್ರಿ, ಅಲ್ಲಿತನಕ ಏನಾಗುವುದಿಲ್ಲ ಎಂದ. ಕೀಲಿಕೈ ಅವನ ಅಂಗೈಯಲ್ಲಿಟ್ಟು ರಸ್ತೆಗೆ ಬಂದು ಬಸ್ಸಿಗೆ ಕೈ ಮಾಡಿದೆ. ಕಿಟಕಿಯ ಬದಿ ಜಾಗ ಸಿಕ್ಕಿತು. ಬೆನ್ನು ನೆಟ್ಟಗೆ ಮಾಡಿ ಕೂತೆ.